ಕಂಬಕ್ಕೆ ಸುತ್ತಿದ ನೀಲಿ ಬಟ್ಟೆ

ಬೆಳಗ್ಗೆ ಒಂಬತ್ತಕ್ಕೆ ಚಿಲೋಯೆ ದ್ವೀಪಸಮೂಹದ ಒಂದು ಪುಟ್ಟ ದ್ವೀಪದ ಮರದ ಇಗರ್ಜಿಯೊಳಗೆ ಕಟ್ಟಡದ ಅಳತೆ ತೆಗೆಯುವ ಲೇಸರ್ ಯಂತ್ರ ತಿರುಗತೊಡಗಿತು. ಒಂದು ಸುತ್ತು ಮುಗಿಯುವ ಮೊದಲೇ ಅಳತೆಯ ತಂಡದ ಇವೊನ್ ಅದನ್ನು ನಿಲ್ಲಿಸಿದಳು.

ಬಾಗಿಲ ಬಳಿ ನಿಂತಿದ್ದ ಆರ್ತೆಮಿಯೊ ಚಿಗುವಾಯ್‌ಗೆ ಕಾರಣ ಗೊತ್ತಿತ್ತು. ಪಾದ್ರಿಯ ದೋಣಿ ಬರುವುದು ಅಪರೂಪ. ಇಗರ್ಜಿಯ ಬೀಗದ ಕೈ, ಪ್ರಾರ್ಥನೆ, ಹಬ್ಬ ಎಲ್ಲವೂ ಫಿಸ್ಕಾಲ್, ಅಂದರೆ ಇಗರ್ಜಿಯ ಮೇಲ್ವಿಚಾರಕನಾದ ಅವನ ಹೊಣೆ. ಅಳತೆಯವರು ಬರುತ್ತಾರೆಂದು ತಿಳಿದದ್ದೇ ತಡ, ಊರವರನ್ನು ಕೂಡಿಸಿ ಹಬ್ಬದ ದಿನದಂತೆ ಕಂಬಗಳಿಗೆಲ್ಲ ಕಾಗದದ ಹೂವು ಕಟ್ಟಿಸಿದ್ದ. ಎಡಸಾಲಿನ ಕೊನೆಯ ಕಂಬಕ್ಕೆ ಮಾತ್ರ ತಾನೇ ನಿಂತು ನೀಲಿ ಬಟ್ಟೆ ಸುತ್ತಿದ್ದ. ಅದರ ಬುಡ ಕೊಳೆತಿತ್ತು. ಅದು ಕಣ್ಣಿಗೆ ಬಿದ್ದರೆ ಇಗರ್ಜಿ ಮುಚ್ಚಿಸುತ್ತಾರೆ, ಮುಂದಿನ ವಾರದ ಸಂತನ ಹಬ್ಬ ತನ್ನ ಕಾಲದಲ್ಲೇ ನಿಂತುಹೋಗುತ್ತದೆ ಎಂಬ ಭಯ ಅವನದು.

“ದೋನ್ ಆರ್ತೆಮಿಯೊ, ಹೂವು, ಬಟ್ಟೆ ಎಲ್ಲ ತೆಗೀಬೇಕಲ್ಲ,” ಎಂದು ಇವೊನ್ ಮರ್ಯಾದೆಯಿಂದಲೇ ಹೇಳಿದಳು.

“ಹೂವು ತೆಗೀತಾರೆ. ಬಟ್ಟೆ ಇರ್ಲಿ ಮಗಳೇ. ನೆಂಟರು ಬಂದಾಗ ಮನೆ ಲಕ್ಷಣವಾಗಿರೋದು ಬೇಡ್ವಾ?”

“ಲೇಸರ್ ಬಟ್ಟೆ ದಾಟಿ ಹೋಗಲ್ಲ. ನಾಳೆ ಇಗರ್ಜಿ ಕುಸಿದ್ರೆ, ಬೆಂಕಿ ಬಿದ್ರೆ, ಮತ್ತೆ ಕಟ್ಟೋರು ನೋಡೋದು ಈ ದಾಖಲೇನೇ. ಬಟ್ಟೆ ಹಾಗೇ ಬಿಟ್ರೆ ಅದ್ರಲ್ಲಿ ಈ ಕಂಬಾನೇ ಇರಲ್ಲ.”

“ಪಕ್ಕದ್ದನ್ನ ನೋಡ್ಕೊಂಡು ಇನ್ನೊಂದು ನಿಲ್ಲಿಸ್ಲಿ ಬಿಡು.”

ಹೂವಿನ ಸರ ಬಿಚ್ಚುತ್ತಿದ್ದ ಮುದುಕಿ ಫ್ರೆಸಿಯಾಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಡಾಕ್ಟ್ರು ಬಂದಾಗ ಹುಣ್ಣಿಗೆ ಪೌಡರ್ ಬಳ್ಕೊಂಡು ಕೂತಂಗಾಯ್ತಲ್ಲೋ! ಆ ಕಂಬ ಕೊಳೆತಿರೋದು ನಮ್ಮ ಕೋಳಿಗಳಿಗೂ ಗೊತ್ತು.”

“ಬಾಯ್ಮುಚ್ಚೇ! ಬೀಗ ಹಾಕಿಸಿದ್ರೆ ಹಬ್ಬ ಎಲ್ಲಿ ಮಾಡೋದು, ನಿನ್ನ ಆಲೂಗಡ್ಡೆ ಹೊಲದಲ್ಲಾ?”

“ಮಾಡೋಣ, ಅದಕ್ಕೇನು? ಸಂತನ ತಲೆ ಮೇಲೆ ಸೂರು ಬಿದ್ರೆ ಆಮೇಲೆ ಯಾರಿಗಯ್ಯ ಹಬ್ಬ?”

ಆರ್ತೆಮಿಯೊ ಇವೊನ್ ಕಡೆ ತಿರುಗಿದ. “ಕಂಡದ್ದನ್ನ ಮೇಲಿನೋರಿಗೆ ಹೇಳ್ತೀಯಾ?”

“ಹೇಳ್ಲೇಬೇಕು.”

ಅವನು ಕಂಬದತ್ತ ನೋಡಿದ. ಹಬ್ಬದ ದಿನ ಜಾಗ ಸಾಲದೆ ಮಕ್ಕಳು ಒರಗಿ ನಿಲ್ಲುತ್ತಿದ್ದದ್ದು ಆ ಕಂಬಕ್ಕೇ. ಅವನು ಹೋಗಿ ಗಂಟು ಬಿಚ್ಚಿದ. ಬಟ್ಟೆಯ ಜೊತೆಗೇ ಬುಡದ ಒಂದು ಚೂರು ನೆನೆದ ರೊಟ್ಟಿಯಂತೆ ಕಳಚಿ ಬಂತು.

“ಹೊರಗೆ ಹೋಗಿ ನಿಂತ್ಕೊಳ್ಳಿ,” ಎಂದು ಇವೊನ್ ಯಂತ್ರವನ್ನು ಮತ್ತೆ ತಿರುಗಿಸಿದಳು.

ಎರಡು ದಿನದಲ್ಲಿ ಇಗರ್ಜಿಗೆ ಬೀಗ ಬಿತ್ತು. ಹಬ್ಬ ಫ್ರೆಸಿಯಾಳ ಹೊಲದಲ್ಲಿ, ಮಳೆಯಲ್ಲೇ ನಡೆಯಿತು. ಸಂತನ ಮೂರ್ತಿ ನೆನೆಯದಂತೆ ನಾಲ್ವರು ನೀಲಿ ಬಟ್ಟೆಯನ್ನು ಮೇಲೆ ಹಿಡಿದು ನಿಂತರು; ಒಂದು ಮೂಲೆ ಆರ್ತೆಮಿಯೊ ಕೈಯಲ್ಲಿತ್ತು.