ಕೋಟಿನ ಒಳಗೆ ಬಿಟ್ಟ ಬಟ್ಟೆ

ದರ್ಜಿಯ ಹೆಂಡತಿಗೆ ರೇಗಿಹೋಗಿತ್ತು. ಗಂಡ ಆಗಿನಿಂದ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. ದಾರ ಎಲ್ಲೆಲ್ಲೋ ಹೋಗುತ್ತಿತ್ತು, ಸೂಜಿಯ ಕಣ್ಣಿಗೆ ಮಾತ್ರ ಇಲ್ಲ.

"ಕೊಡಿ ಇಲ್ಲಿ! ನಿಮ್ಮ ಕಣ್ಣು ಪೂರ್ತಿ ಕೈಕೊಟ್ಟ ಮೇಲೆ ಏನು ತಿನ್ನೋದು, ಗುಂಡಿಗಳನ್ನಾ?"

"ಉಳಿತಾಯ ಖಾತೆ ಇದೆಯಲ್ಲೇ."

"ಇದೆ, ಇದೆ! ನಿಮ್ಮ ತಮ್ಮ ಬೈಕು ಅಂದ, ತೆಗೆದಿರಿ. ಟಿವಿ ಕೆಟ್ಟಿತು, ತೆಗೆದಿರಿ. ಅದು ಖಾತೆಯಲ್ಲ, ತೂತುಜೇಬು. ಪಿಂಚಣಿ ಖಾತೆ ಮಾಡಿಸಿ ಅಂತ ಹೇಳಿ ಹೇಳಿ ನಾಲಿಗೆ ಸವೆಯಿತು."

"ಎಲ್ಲ ಖಾತೇನೂ ಒಂದೇ ಕಣೇ. ಹೆಸರು ಬೇರೆ ಅಷ್ಟೆ."

ಬ್ಯಾಂಕಿನಿಂದ ನಿವೃತ್ತರಾದ ಮೇಡಂ, ಬಿಗಿಯಾದ ಹಳೇ ಕೋಟು ಸಡಿಲ ಮಾಡಿಸಲು ಬಂದು ಕೂತಿದ್ದರು. ಅವರಿಗೆ ನಗು ಬಂತು.

"ಒಂದೇನಾ ಮಾಸ್ಟರ್? ಹಾಗಾದರೆ ನನ್ನ ಕೋಟನ್ನ ಸೊಳ್ಳೆಪರದೆ ಬಟ್ಟೇಲಿ ಹೊಲಿದುಕೊಡಿ."

"ಛೆ, ಅದು ಹೇಗಾಗುತ್ತೆ ಮೇಡಂ?"

"ಆಗಲ್ಲ ತಾನೆ? ಉಳಿತಾಯ ಖಾತೆ ತುರ್ತಿಗೆ. ಬೇಕಾದಾಗ ತೆಗೀಬಹುದು, ಬಡ್ಡಿ ಕಡಿಮೆ. ನಿಶ್ಚಿತ ಠೇವಣಿಗೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ, ಅವಧಿಗೆ ಮುಂಚೆ ಮುರಿದರೆ ನಷ್ಟ. ಪಿಂಚಣಿ ಖಾತೆ ದುಡ್ಡು ವಯಸ್ಸಾಗೋವರೆಗೂ ಸುಲಭವಾಗಿ ಸಿಗಲ್ಲ, ಆಮೇಲೆ ತಿಂಗಳು ತಿಂಗಳು ಬರುತ್ತೆ. ಅದರಲ್ಲೂ ಕೆಲವದರಲ್ಲಿ ಎಷ್ಟು ಬರುತ್ತೆ ಅಂತ ಮೊದಲೇ ಗೊತ್ತು, ಇನ್ನು ಕೆಲವದರಲ್ಲಿ ಮಾರುಕಟ್ಟೆ ಜೊತೆ ಏರುತ್ತೆ, ಇಳಿಯುತ್ತೆ."

"ಕೈಗೇ ಸಿಗದ ದುಡ್ಡು ಇದ್ದರೆಷ್ಟು, ಬಿಟ್ಟರೆಷ್ಟು?" ಎನ್ನುತ್ತಾ ದರ್ಜಿ ಕೋಟಿನ ಹೊಲಿಗೆ ಬಿಚ್ಚಿದ. ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು. ಹೊಲಿಯುವಾಗ ಅವನೇ ಬಿಟ್ಟದ್ದು.

ಹೆಂಡತಿ ಬೇಕೆಂದೇ ಹಣೆ ಚಚ್ಚಿಕೊಂಡಳು. "ಇದನ್ಯಾಕೆ ಬಿಟ್ಟಿರಿ? ಆಗಲೇ ಕತ್ತರಿಸಿ ಚೀಲ ಹೊಲೀಬಹುದಿತ್ತಲ್ಲ!"

"ಮುಂದೆ ಮೈ ಬಂದಾಗ ಬೇಕಾಗುತ್ತೆ ಅಂತ..." ದರ್ಜಿಯ ಮಾತು ಅಲ್ಲೇ ನಿಂತಿತು.

"ಊರವರ ಮೈಗೆಲ್ಲ ಬಿಟ್ಟಿರಿ. ನಮಗೆ?"

ಅವನು ಸೂಜಿಮೆತ್ತೆಯತ್ತ ನೋಡಿದ. ಬೈಯುತ್ತ ಬೈಯುತ್ತಲೇ ಅವಳು ಅಲ್ಲಿದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟಿದ್ದಳು.

"ನಾಳೆ ಅಂಗಡಿ ತಡವಾಗಿ ತೆಗೆಯೋಣ. ಬ್ಯಾಂಕಿಗೆ ನೀನೂ ಬಾ. ತುರ್ತಿಗೆ ಸ್ವಲ್ಪ ಇಟ್ಟುಕೊಂಡು, ಉಳಿದದ್ದು ಮುಪ್ಪಿಗೆ."

"ನಿಮ್ಮ ತಮ್ಮ ಬಂದು ಕೇಳಿದರೆ?"

"ಅವನಿಗೂ ಒಂದು ಖಾತೆ ಮಾಡಿಸಿಕೊಡೋಣ."

ನೀವೂ ಅಷ್ಟೆ. ಪಕ್ಕದವರು ಮಾಡಿಸಿದರೆಂದು ಖಾತೆ ಮಾಡಿಸಬೇಡಿ. ದುಡ್ಡು ಯಾವಾಗ ಸಿಗುತ್ತದೆ, ಮುಂಚೆ ತೆಗೆದರೆ ಏನು ನಷ್ಟ, ಕೊನೆಗೆ ಎಷ್ಟು ಬರುತ್ತದೆ, ನಾವಿಲ್ಲದಿದ್ದರೆ ಯಾರಿಗೆ ಸೇರುತ್ತದೆ ಎಂದು ಕೇಳಿ, ಹೋಲಿಸಿ ನೋಡಿ. ಕೈ ಗಟ್ಟಿಯಿರುವಾಗಲೇ ಹೋಗಿ. ನಿಮ್ಮ ಸೂಜಿಗೆ ದಾರ ಪೋಣಿಸುವವರ ಕಣ್ಣಿಗೂ ವಯಸ್ಸಾಗುತ್ತದೆ.