ಅಟ್ಟದ ಮಾತು

ಅವರೆಕಾಯಿಯ ಸೊಗಡು ಬೆರಳಿಗೆ ಹತ್ತಿದೆ, ಸೆರಗಿಗೆ ಒರೆಸಿದರೂ ಹೋಗುವುದಿಲ್ಲ, ಈ ಕೈಯಲ್ಲೇ ರಿಮೋಟು ಮುಟ್ಟಿದರೆ ಸೊಸೆ ಗೊಣಗುತ್ತಾಳೆ, ಗೊಣಗಲಿ, ಇವತ್ತು ಲೋಕಸಭೆಯಲ್ಲಿ ನನ್ನ ಮಗಳು ಮಾತಾಡುವ ದಿನ — ಪ್ರೇಮಲೀಲಾ, ಕೇಂದ್ರ ಸಚಿವೆ, ಜಯಲಕ್ಷ್ಮಿಪುರಂನ ಇದೇ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಲು ಕರೆದರೆ ಹಿತ್ತಲಿಗೆ ಓಡುತ್ತಿದ್ದವಳು, ಪರದೆಯಲ್ಲಿ ಇನ್ನೂ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಕಾಯಬೇಕು. ಬೆಳಿಗ್ಗೆ ದಾಸವಾಳ ಕೀಳಲು ಬಂದ ಎದುರುಮನೆ ಸೋಮಮ್ಮ ಕೊಂಕು ಆಡಿಯೇ ಹೋದಳು, ಊರೂರಲ್ಲಿ ಹೆಣ್ಮಕ್ಕಳ ಹಾಸ್ಟೆಲ್ ತೆರೆಸಿದ್ದು ನಿಮ್ಮ ಮಗಳೇ, ಈಗ ಅವನ್ನ ಮುಚ್ಚೋಕೆ ಸಂಪುಟ ತೀರ್ಮಾನ ಮಾಡಿದ್ರೆ ಅವಳೂ ಸೈ ಅಂದ್ಬುಟ್ಳಲ್ಲ ದಾಕ್ಷಾಯಣಮ್ಮ, ಕುರ್ಚಿ ಮೇಲೆ ಅಷ್ಟು ಆಸೆನಾ — ಸೈ ಅಂದಳೋ ಇಲ್ಲವೋ ಇವಳಿಗೇನು ಗೊತ್ತು, ನನಗೇ ಗೊತ್ತಿಲ್ಲ, ನಿನ್ನೆ ಫೋನಿನಲ್ಲಿ ಕೆದಕಿದೆ, ಒಳಗೆ ಜಗಳ ಆಡಿದೆಯೇನೇ ಅಂತ, ಅವರೆಕಾಯಿ ಬಂತಾ ಅಮ್ಮ ಅಂದಳು, ಅಷ್ಟೇ. ರಾಷ್ಟ್ರಪತಿಗಳ ಎದುರು ಗೋಪ್ಯತೆಯ ಪ್ರಮಾಣ ಮಾಡಿದವಳು, ಹೆತ್ತವಳ ಮುಂದೆಯೂ ಬಾಯಿ ಬಿಡುವುದಿಲ್ಲ, ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹೆಮ್ಮೆಯೂ ಬಂತು.

ಈ ಪಾಠ ದೆಹಲಿಯದಲ್ಲ, ಮಂಡಿ ಮೊಹಲ್ಲಾದ್ದು, ನಮ್ಮ ಮಾವ ಸದಾಶಿವಯ್ಯನವರ ಮೆಣಸಿನಕಾಯಿ ಮಂಡಿಯದು — ಘಾಟಿಗೆ ಸೀನುತ್ತಾ ಅವರ ಮಕ್ಕಳು, ಅಣ್ಣತಮ್ಮಂದಿರೆಲ್ಲ, ವ್ಯಾಪಾರದ ಮಾತಿಗೆ ಅಟ್ಟ ಹತ್ತುತ್ತಿದ್ದರು, ಮೇಲೆ ಎಷ್ಟು ಬೇಕಾದರೂ ಕಿರುಚಾಡಲಿ, ಕೈ ಎತ್ತಿಸಿ ಎಣಿಸುವ ಪದ್ಧತಿ ಇಲ್ಲ, ಎಲ್ಲರದನ್ನೂ ಕೇಳಿ ಕೊನೆಗೆ ಮಾವ ಹೀಗೆ ಅಂದರೆ ಹಾಗೆ, ಪ್ರಧಾನಿಯೂ ಸಂಪುಟದಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುತ್ತಾರಂತೆ, ಏಣಿ ಇಳಿದ ಮೇಲೆ ಎಲ್ಲರದೂ ಒಂದೇ ಮಾತು. ಮೂಟೆಯ ಹಿಂದೆ ಅಡಗಿ ಕೇಳಿಸಿಕೊಂಡಿದ್ದ ಪ್ರೇಮ ಒಮ್ಮೆ ಕೆಳಗೆ ಬಂದು ಗಿರಾಕಿಗಳ ಮುಂದೆ, ನಮ್ಮಪ್ಪ ಬೇಡ ಅಂದ್ರು, ದೊಡ್ಡಪ್ಪ ಕೇಳ್ಲಿಲ್ಲ ಅಂತ ಒದರಿಬಿಟ್ಟಳು, ಮಂಡಿಗೆ ಮಂಡಿಯೇ ನಕ್ಕಿತು, ಮಾವ ಹೊಡೆಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡರು, ಅಟ್ಟದ ಮಾತು ಅಟ್ಟದಲ್ಲೇ ಇರ್ಬೇಕು ಕಣಮ್ಮ, ಒಪ್ಪೋಕೆ ಆಗ್ದಿದ್ರೆ ಬೀಗದ ಕೈ ಇಟ್ಬುಟ್ಟು ಹೋಗ್ಬೇಕು, ಗಾದಿ ಮೇಲೂ ಕೂತ್ಕೊಂಡು ದೂರೂ ಹೇಳ್ಬಾರ್ದು. ಆ ವರ್ಷವೇ ನಮ್ಮವರು, ಏಕಾಂತಯ್ಯ, ಹಾಗೇ ಇಟ್ಟು ಹೊರಟರು — ಹಮಾಲಿಗಳಿಗೆ ಕೊಡುತ್ತಿದ್ದ ಮಧ್ಯಾಹ್ನದ ಊಟ ನಿಲ್ಲಿಸುವುದೆಂದು ಅಟ್ಟದಲ್ಲಿ ತೀರ್ಮಾನವಾದ ದಿನ, ಇಳಿದು ಬಂದು, ಬಿಳಿ ಗಾದಿಯ ಮೇಲೆ ಬೀಗದ ಕೈ ಗೊಂಚಲು, ಸದ್ದಿಲ್ಲದೆ, ಪ್ರೇಮ ಕಂಬ ಹಿಡಿದು ನೋಡುತ್ತಿದ್ದಳು. ಆಮೇಲೆ ಮಾರುಕಟ್ಟೆಯ ಹತ್ತಿರ ಸಣ್ಣದೊಂದು ಅಂಗಡಿ ಇಟ್ಟರು, ಸಾಯುವ ತನಕ ಅಣ್ಣಂದಿರ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ.

ಅದಕ್ಕೇ ಇವತ್ತು ಅವಳು ತೀರ್ಮಾನದ ಪರವಾಗಿ ಮಾತಾಡಿದರೂ ನಾನು ತಲೆ ತಗ್ಗಿಸುವುದಿಲ್ಲ ಅಂದುಕೊಂಡಿದ್ದೇನೆ, ಒಳಗಿದ್ದವಳು ಒಳಗಿನವರ ಜೊತೆ ನಿಲ್ಲಬೇಕು, ಸರಿ, ಆದರೆ ಆ ಹಾಸ್ಟೆಲ್ಲುಗಳು — ಬೋಗಾದಿಯದರ ಮುಂದೆ ಕಾರು ನಿಲ್ಲಿಸಿ, ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಯೂನಿಫಾರಂಗಳನ್ನು ತೋರಿಸಿ ನೋಡಮ್ಮ ಅಂದಿದ್ದಳು, ಆ ಮುಖ ಮರೆಯುವುದು ಹೇಗೆ, ಮತ್ತೆ ಆ ಗೊಂಚಲೇ ಕಣ್ಣ ಮುಂದೆ ಬರುತ್ತದೆ, ಬೇಡ ಅಂದರೂ — ಅಗೋ, ಅವಳ ಹೆಸರು ಕರೆದರು, ಕ್ಯಾಮೆರಾ ಸಭಾಧ್ಯಕ್ಷರ ಬಲಗಡೆಗೆ ತಿರುಗಿತು, ಮುಂದಿನ ಸಾಲು, ಪ್ರಧಾನಿ, ಮಂತ್ರಿಗಳು, ಅವಳ ಜಾಗ ಖಾಲಿ, ಎಲ್ಲಿ ಹೋದಳು ಇವಳು, ಹಿಂದೆ, ಎಷ್ಟೋ ಸಾಲು ಹಿಂದೆ ಎದ್ದು ನಿಂತಿದ್ದಾಳೆ, ನಾನು ಕೊಟ್ಟ ಹಸಿರು ಸೀರೆ, ಕನ್ನಡದಲ್ಲೇ, ಸಭಾಧ್ಯಕ್ಷರೇ, ನಾನು ಸಂಪುಟಕ್ಕೆ ರಾಜೀನಾಮೆ ಕೊಟ್ಟಿದ್ದೇನೆ, ಹಾಸ್ಟೆಲ್ ಮುಚ್ಚುವ ತೀರ್ಮಾನವನ್ನು ಸಮರ್ಥಿಸುವುದು ನನ್ನಿಂದ ಆಗುವುದಿಲ್ಲ — ಎದುರು ಪಕ್ಷದವರಿಗೆ ಹಬ್ಬ, ಒಳಗೆ ಯಾರು ಏನಂದರು ಹೇಳಿ ಅಂತ ಕೂಗು, ಗದ್ದಲ ಇಳಿದ ಮೇಲೆ ಇವಳು, ಒಳಗಿನ ಮಾತು ಒಳಗೇ ಇರುತ್ತದೆ ಅಂದಳು, ಕೂತಳು. ನನಗೆ ಅಳು, ಅವರೆಯ ಕೈಯಲ್ಲೇ ಕಣ್ಣು ಒರೆಸಿಕೊಂಡೆ, ಉರಿಯುತ್ತಿದೆ, ಉರಿಯಲಿ, ಸೋಮಮ್ಮನ ಮನೆಯ ಟೀವಿಯಲ್ಲೂ ಇದೇ ಬರುತ್ತಿದೆ, ಕೇಳಲಿ, ನಮ್ಮವರು ಇರಬೇಕಿತ್ತು, ಅವರ ಮಗಳು, ನನ್ನ ಮಗಳು, ಕ್ಯಾಮೆರಾ ಮತ್ತೆ ಮುಂದಿನ ಸಾಲಿಗೆ ಬಂತು, ಅವಳ ಖಾಲಿ ಜಾಗ, ಅಲ್ಲಿ ಏನೂ ಇಲ್ಲ, ನನಗೆ ಕಾಣುತ್ತಿದೆ, ಬಿಳಿ ಗಾದಿ, ಅದರ ಮೇಲೆ ಬೀಗದ ಕೈ ಗೊಂಚಲು