ಎಡಕ್ಕೆ ಬಿದ್ದ ನೆರಳು

ವ್ಯಾನ್ ಬಿಸಿಯಾಗುತ್ತಿದೆ ಎಂದು ನನ್ನ ತಮ್ಮ ಮತ್ತೊಮ್ಮೆ ಹೇಳಿದಾಗ ನನ್ನ ತಲೆಯೂ ಬಿಸಿಯಾಯಿತು.

"ನಿನ್ನೆಯಿಂದ ಒಂದಲ್ಲ ಒಂದು ರಾಗ ತೆಗೀತಿದೀಯಲ್ಲೋ! ಒಂದ್ಸಲ ರಸ್ತೆ ಕೆಟ್ಟಿದೆ, ಒಂದ್ಸಲ ಟೈರ್ ಸವೆದಿದೆ, ಈಗ ಇಂಜಿನ್ನು. ಅಮ್ಮನ್ನ ಕಿವಿಕಲ್ಲಿಗೆ ಕರ್ಕೊಂಡು ಹೋಗೋಕೆ ನಿಂಗೇನೋ ಕಷ್ಟ?"

"ಕಷ್ಟ ಏನಿಲ್ಲಕ್ಕಾ. ಅದರ ಬದಲು ಅಣೆಕಟ್ಟು ನೋಡ್ಬಹುದಿತ್ತು ಅಂದೆ. ಕಲ್ಲಲ್ಲಿ ಏನಿದೆ ನೋಡೋಕೆ?"

"ಕಲ್ಲಲ್ಲಿ ಕಲ್ಲೇ ಇದೆ. ಅದನ್ನ ನೋಡೋಕೇ ಹೋಗ್ತಿರೋದು. ಸುಮ್ನೆ ಗಾಡಿ ಓಡಿಸು."

ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಅವಳ ಕಣ್ಣಿನ ನರ ಒಣಗುತ್ತಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. ಆಗಲೇ ಮಾಸಲು ಬಣ್ಣಗಳೆಲ್ಲ ಅವಳಿಗೆ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಬಿಳಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕೆಂಪು, ಹೀಗೆ ಕಣ್ಣಿಗೆ ಹೊಡೆಯುವಂಥದ್ದು ಮಾತ್ರ ಕಾಣುತ್ತಿತ್ತು. ಆಸ್ಪತ್ರೆಯ ಮೆಟ್ಟಿಲಿಳಿದವಳು ಅಳಲಿಲ್ಲ. "ಕಿವಿಕಲ್ಲು ಒಂದ್ಸಲ ನೋಡ್ಬಿಡ್ತೀನಿ, ಆಮೇಲೆ ಏನಾದ್ರೂ ಆಗ್ಲಿ" ಎಂದಳು, ಅಷ್ಟೆ.

ಬಯಲಿನ ನಡುವೆ ಸಣ್ಣ ಕತ್ತಿನ ಮೇಲೆ ನಿಂತ ಕರಿಬಂಡೆ ಅದು. ಗಾಳಿ ಕೊರೆದು ಕೊರೆದು ಥೇಟ್ ಕಿವಿಯಂತಾಗಿದೆ; ಕೈಗೆಟಕುವ ಎತ್ತರದಲ್ಲೇ ಒಂದು ತೂತೂ ಇದೆ. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಅಲ್ಲಿಗೆ ಕರೆದೊಯ್ದು, ಆ ತೂತಿಗೆ ಬಾಯಿಟ್ಟು ಏನೋ ಹೇಳಿದ್ದನಂತೆ. ಏನು ಎಂದು ಕೇಳಿದರೆ "ನಿಮಗ್ಯಾಕ್ರೋ ಅದು, ತಲೆಹರಟೆಗಳಾ" ಎಂದು ಈಗಲೂ ನಗುತ್ತಾಳೆ. ಬೆಳ್ಳನೆಯ ಆಕಾಶಕ್ಕೆ ಕರೀ ಕಲ್ಲು. ಅವಳಿಗೆ ಖಂಡಿತ ಕಾಣುತ್ತದೆಂದು ನನಗೆ ಧೈರ್ಯವಿತ್ತು.

ನಮ್ಮದು ಬೋರ್ಡು ಬರೆಯುವ ಮನೆ. ಅಪ್ಪ ಬರೆಯುತ್ತಿದ್ದ, ಈಗ ನಾನೂ ತಮ್ಮನೂ ಬರೆಯುತ್ತೇವೆ. ಅಕ್ಷರಕ್ಕೆ ನೆರಳು ಕೊಡುವಾಗ ಪೇಟೆಯವರೆಲ್ಲ ಬಲಕ್ಕೆ ಕೊಟ್ಟರೆ ಅಪ್ಪ ಎಡಕ್ಕೆ ಕೊಡುತ್ತಿದ್ದ. ನಮ್ಮ ಅಂಗಡಿಗಿದ್ದ ಒಂದೇ ಕಿಟಕಿ ಬಲಗಡೆಗಿತ್ತು. "ಬೆಳಕು ಅಲ್ಲಿಂದ ಬಂದ್ರೆ ನೆರಳು ಎಲ್ಲಿ ಬೀಳುತ್ತೆ, ನೀವೇ ಹೇಳಿ" ಎಂದು ಗಿರಾಕಿಗಳ ಮೇಲೇ ಜಗಳಕ್ಕೆ ಹೋಗುತ್ತಿದ್ದ. ಬೋರ್ಡು ನೇತುಹಾಕುವ ಬೀದಿಯಲ್ಲಿ ಬಿಸಿಲು ಯಾವ ಕಡೆಯದೆಂಬುದು ಅವನಿಗೆ ಬೇಕಿರಲಿಲ್ಲ. ಮೊಂಡ ಅಂದರೆ ಮೊಂಡ. ನಮಗೂ ಅದೇ ಕೈ ಕೂತುಬಿಟ್ಟಿತು.

ತಿರುವು ದಾಟಿದೊಡನೆ ಕಲ್ಲು ಕಂಡಿತು. ಕಂಡಿತು ಎನ್ನುವುದೂ ಸುಳ್ಳು. ಕಂಡದ್ದು ಅಂಚಿನಿಂದ ಅಂಚಿಗೆ ಬಳಿದ ಬಿಳಿ ಅಸ್ತರು ಬಣ್ಣ, ಅದರ ಮೇಲೆ ಆಳೆತ್ತರದ ಕೆಂಪು ಅಕ್ಷರಗಳು. ಬನಿಯನ್, ಚಡ್ಡಿ. ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಅವರಿಗೆ ನಾನು ಬೇರೆ ಇನ್ನೊಂದು ಜಾಹೀರಾತು ಮಾಡಿಕೊಡಬೇಕೆ? ಅಪ್ಪ ಬಾಯಿಟ್ಟಿದ್ದ ಆ ತೂತನ್ನೇ ಕತ್ತು ಮಾಡಿಕೊಂಡು, ಸುತ್ತ ಒಂದು ಬನಿಯನ್ನಿನ ಚಿತ್ರ ಬರೆದಿದ್ದರು.

"ಯಾವನೋ ಇದನ್ನ ಗೀಚಿದ ಅನಿಷ್ಟ ಮುಂಡೇದು? ಅವನ ಕೈ ಸೇದಿಹೋಗ!"

ಬೇರೆ ದಿನವಾಗಿದ್ದರೆ ಬೈಯುವುದರಲ್ಲಿ ತಮ್ಮ ನನಗಿಂತ ಒಂದು ಕೈ ಮೇಲು. ಈ ಸಲ ತುಟಿಪಿಟಕ್ಕೆನ್ನಲಿಲ್ಲ. ವ್ಯಾನ್ ನಿಲ್ಲಿಸಿ ಸ್ಟೀರಿಂಗನ್ನೇ ನೋಡುತ್ತ ಕೂತ. ಆಗ ಅಕ್ಷರಗಳನ್ನು ಮತ್ತೊಮ್ಮೆ ನೋಡಿದೆ. ಕಪ್ಪು ನೆರಳು ಎಡಕ್ಕಿತ್ತು.

ನಾನು ಬರೆದಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾದವು, ಈ ಬಣ್ಣ ನಿನ್ನೆ ಮೊನ್ನೆ ಬಳಿದಂತೆ ಹೊಳೆಯುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಅವನ ಕೊರಳಪಟ್ಟಿ ಹಿಡಿದು ಕೆಳಗಿಳಿಸಿ ವ್ಯಾನಿನ ಹಿಂದಕ್ಕೆ ಎಳೆದೊಯ್ದೆ.

"ಅಮ್ಮ ಇಲ್ಲಿಗೇ ಬರ್ಬೇಕು ಅಂತಾಳೆ ಅಂತ ನಂಗೇನು ಗೊತ್ತಿತ್ತಕ್ಕಾ? ಕಂಪನಿ ಏಜೆಂಟು ಜಾಗ ತೋರಿಸ್ದ, ಬರ್ದೆ. ಫ್ಲೆಕ್ಸ್ ಬಂದ್ಮೇಲೆ ನಮ್ಗೆ ಗೋಡೆ ಯಾರು ಕೊಡ್ತಾರೆ, ನೀನೇ ಹೇಳು. ಅಷ್ಟು ದೊಡ್ಡ ಅಕ್ಷರ ಬರ್ದು ಎಷ್ಟು ಕಾಲ ಆಗಿತ್ತು!"

"ಅದಕ್ಕೆ ಕಲ್ಲಿಗೆ ಚಡ್ಡಿ ಹಾಕಿದ್ಯಾ?"

"ಕೆಲಸ ನೋಡು ಮೊದ್ಲು. ಒಂದು ಗೆರೆ ಅತ್ತಿತ್ತ ಆಗಿದ್ಯಾ?"

ಆಗಿರಲಿಲ್ಲ. ಅಂಕುಡೊಂಕು ಬಂಡೆಯ ಮೇಲೂ ಅಕ್ಷರ ದಾರ ಹಿಡಿದಂತೆ ನೇರವಾಗಿತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು.

"ಅಪ್ಪ ಏನು ಹೇಳ್ತಿದ್ದ? ಗೋಡೆಗೆ ಯಜಮಾನ ಇರ್ತಾನೆ, ಕೇಳಿ ಬರೀಬೇಕು. ಇದಕ್ಕೆ ಯಾರನ್ನ ಕೇಳ್ದೆ ನೀನು?"

ಅಷ್ಟರಲ್ಲಿ ಅಮ್ಮ ತಾನೇ ಬಾಗಿಲು ತಡವಿ ಇಳಿದುಬಿಟ್ಟಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಬಯಲಿಗೆ ಮುಖ ಮಾಡಿ ನಿಂತಿದ್ದಳು.

"ಕೆಂಪಗೆ ಏನೋ ಕಾಣ್ತಿದೆಯಲ್ಲ. ಅಕ್ಷರಾನಾ?"

"ಬೋರ್ಡಮ್ಮಾ," ತಮ್ಮ ಓಡಿಹೋಗಿ ಅವಳ ತೋಳು ಹಿಡಿದ. "ಕಲ್ಲಿನ ಮುಂದೆ ಯಾವುದೋ ಬೋರ್ಡು ನಿಲ್ಸಿದಾರೆ."

ಎಲಾ ಇವನ! ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕತ್ತು ಓರೆ ಮಾಡಿದಳು. ಬರೆದ ಬೋರ್ಡನ್ನು ಅಪ್ಪ ಅಂಗಡಿಯ ಹೊರಗೆ ಒಣಗಿಸಲು ಇಟ್ಟಾಗ ಹಾಗೇ ನೋಡುತ್ತಿದ್ದಳು.

"ನೆರಳು ಎಡಕ್ಕಿದೆ," ಎಂದಳು.

ತಮ್ಮ ಅವಳ ತೋಳು ಬಿಟ್ಟ.

"ಓದು."

"ಅಮ್ಮಾ, ಅದು..."

"ಓದೋ. ಕೈಯಲ್ಲಿ ಬರ್ದೋನು ಬಾಯಲ್ಲಿ ಓದೋಕೆ ನಾಚ್ಕೋತೀಯಾ?"

ಅವನು ಓದಿದ. ಬನಿಯನ್, ಚಡ್ಡಿ. ಒಳಗೆ ತಂಪು, ಹೊರಗೆ ಸೊಂಪು. ಪಕ್ಕದಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ ಗಂಡ ಹೆಂಡತಿ ಕಿಸಕ್ಕನೆ ನಕ್ಕರು. ನಾನು ಕಣ್ಣು ಕೆಂಪಗೆ ಮಾಡಿ ನೋಡಿದ ಮೇಲೆ ಆಚೆ ಹೋದರು.

"ಸರಿ, ಅಕ್ಷರ ಕಂಡ್ವು," ಅಮ್ಮ ಹೇಳಿದಳು. "ಈಗ ಕಲ್ಲು ತೋರ್ಸು."

"ಇದೇ ಅಮ್ಮಾ. ಇಗೋ, ಇಲ್ಲೇ ಎದುರಿಗೇ."

"ಎಲ್ಲಿ?"

ಅವನು ಬೆರಳು ಚಾಚಿ ಕಿವಿಯ ಅಂಚನ್ನು ಗಾಳಿಯಲ್ಲಿ ಬರೆದು ತೋರಿಸಿದ. ಬಿಳಿ ಆಕಾಶದಲ್ಲಿ ಬಿಳಿ ಅಸ್ತರು ಕರಗಿಹೋಗಿತ್ತು. ಅಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಕಲ್ಲಿನ ಹಿಂದೆ ಆಳದ ಕೊರಕಲು, ಆ ಕಡೆಯಿಂದ ತೋರಿಸೋಣವೆಂದರೆ ದಾರಿಯಿಲ್ಲ.

"ನಿನ್ನ ಬಣ್ಣ ಬಿಟ್ರೆ ನಂಗೇನೂ ಕಾಣ್ತಿಲ್ಲ ಮಗಾ."

ತಮ್ಮ ವ್ಯಾನಿಗೆ ಓಡಿ ಥಿನ್ನರ್ ಡಬ್ಬ, ಹಳೇ ಬಟ್ಟೆ ತಂದ. ಒಂದು ಅಕ್ಷರದ ಕಾಲಿಗೆ ಸುರಿದು ಗಸಗಸ ತಿಕ್ಕತೊಡಗಿದ. ಹೊಳಪು ಹೋಯಿತು, ಬಣ್ಣ ಹೋಗಲಿಲ್ಲ. ಅವನ ಮೂಗು ಸೋರುತ್ತಿತ್ತು. ಅಳಲಿ, ಚೆನ್ನಾಗಿ ಅಳಲಿ ಎಂದುಕೊಂಡೆ.

ಆ ಸದ್ದನ್ನು ಅಮ್ಮ ಸ್ವಲ್ಪ ಹೊತ್ತು ಕೇಳಿದಳು.

"ಅಸ್ತರು ಎರಡು ಸಲ ಹೊಡೆದಿದೀಯಾ?"

"ಹೂಂ."

"ಒಣಗೋಕೆ ಬಿಟ್ಟು?"

"ಹೂಂ ಅಮ್ಮಾ."

"ನಿಮ್ಮಪ್ಪ ಹೇಳ್ಕೊಟ್ಟ ಹಾಗೇ ಮಾಡಿದೀಯ. ಹಾಗಿದ್ರೆ ನನ್ನ ಕಣ್ಣಿರೋವರೆಗೂ ಅದು ಹೋಗಲ್ಲ ಬಿಡು."

ನನ್ನ ಕೈ ಹಿಡಿದು ವ್ಯಾನಿನ ಕಡೆ ತಿರುಗಿದಳು. ತಮ್ಮ ಇನ್ನೂ ತಿಕ್ಕುತ್ತಲೇ ಇದ್ದ. ನಾನು ಅವನನ್ನು ಕರೆಯಲಿಲ್ಲ.